ಹ್ಯಾಕಿಂಗ್ ಮಾಡ್ತೀನಿ ಅಂತ ಹೋದವಳಿಗೆ ಸಿಕ್ಕಿದ್ದು ಫಾರಂ ತುಂಬುವ ಕೆಲಸ

ಒಂದು ಮಧ್ಯಾಹ್ನ ನಮ್ಮ ದೊಡ್ಡಪ್ಪನ ಫೋನಿಗೆ 'ಪಿಎಂ ಕಿಸಾನ್' ಅಂತ ಹೆಸರಿದ್ದ ಎಪಿಕೆ ಫೈಲ್ ಬಂತು, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆಪ್. ಕಳಿಸಿದ್ದು ಗೊತ್ತಿಲ್ಲದ ನಂಬರಲ್ಲ. ಪಕ್ಕದ ಊರಿನ ಪರಿಚಯದವರದ್ದೇ ವಾಟ್ಸಾಪ್. ಅವರ ಫೋನ್ ಹಿಂದಿನ ದಿನವೇ ಹ್ಯಾಕ್ ಆಗಿ ಕಳ್ಳರ ಹಿಡಿತಕ್ಕೆ ಹೋಗಿತ್ತು, ಅದು ಅವರಿಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಒತ್ತಿದರು. ಕತ್ತಲಾಗುವಷ್ಟರಲ್ಲಿ ಮೂರು ಸಲ ಕಟ್ ಆಗಿ 46,000 ರೂಪಾಯಿ ಹೋಗಿತ್ತು. ಕಾಫಿ ಮಾರಿ ಬಂದ ದುಡ್ಡು.

ನಾನಾಗ ಚಿಕ್ಕಮಗಳೂರಿನಲ್ಲಿ ಬಿಸಿಎ ಎರಡನೇ ವರ್ಷ. ಆಲ್ದೂರಿನ ಹತ್ತಿರದ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯವರೆಲ್ಲ ನನ್ನ ಮುಖ ನೋಡಿದರು, ಕಂಪ್ಯೂಟರ್ ಓದೋಳು ಅಂತ. ನನಗೆ ಪೈಥಾನ್‌ನಲ್ಲಿ ಲೂಪ್ ಬರೆಯಲು ಬರುತ್ತಿತ್ತು. ಸೈಬರ್ ಮೋಸಕ್ಕೆ ದೂರು ಕೊಡುವ 1930 ಅನ್ನೋ ಸಹಾಯವಾಣಿ ನಂಬರ್ ಗೊತ್ತಿರಲಿಲ್ಲ. ಮಾರನೇ ದಿನ ಒಂದು ಕಚೇರಿಗೆ ಹೋದೆವು, ಅವರು ಇನ್ನೊಂದು ಕಡೆ ಕಳಿಸಿದರು, ಅಲ್ಲಿ ಊಟದ ಹೊತ್ತು. ಮೂರನೇ ದಿನ ಯಾರೋ ಆ ನಂಬರ್ ಹೇಳಿದರು. ಅಷ್ಟರಲ್ಲಿ ದುಡ್ಡು ನಾಲ್ಕಾರು ಅಕೌಂಟ್ ದಾಟಿ ಹೋಗಿಯಾಗಿತ್ತು.

ಆ ಸಿಟ್ಟಿಗೆ ನಾನು ಸೈಬರ್ ವಾಲಂಟಿಯರ್, ಅಂದರೆ ಸೈಬರ್ ಅಪರಾಧ ತಡೆಯಲು ಸರ್ಕಾರದ ಜೊತೆ ಕೈಜೋಡಿಸುವ ಸ್ವಯಂಸೇವಕಿ ಆಗಲು ಹೊರಟೆ. ಈಗ ಹಾಸನದಲ್ಲಿ ಎಂಸಿಎ ಓದುತ್ತಿದ್ದೇನೆ, ಶನಿವಾರ ಬೇಲೂರು ಮೇಲೆ ಊರಿಗೆ ಬರುತ್ತೇನೆ. ಜೂನಿಯರ್‌ಗಳು ಸಿಕ್ಕಾಗೆಲ್ಲ "ಅಕ್ಕ, ನಾವೂ ಸೇರಬಹುದಾ? ಹ್ಯಾಕಿಂಗ್ ಹೇಳಿಕೊಡ್ತಾರಾ?" ಅಂತ ಕೇಳುತ್ತಾರೆ. ಸೇರಬಹುದು. ಹ್ಯಾಕಿಂಗ್ ಯಾರೂ ಹೇಳಿಕೊಡಲ್ಲ. ಹೇಗೆ ಸೇರುವುದು, ಎಲ್ಲಿ ಎಡವುತ್ತೇವೆ ಅಂತ ಒಂದೇ ಕಡೆ ಬರೆದಿಡೋಣ ಅಂತ ಇದು.

ಮೊದಲು ಪೋರ್ಟಲ್

ಕೇಂದ್ರ ಗೃಹ ಸಚಿವಾಲಯದ ಕೆಳಗೆ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಅಂತ ಒಂದಿದೆ. ಎಲ್ಲರೂ ಐ ಫೋರ್ ಸಿ ಅನ್ನುತ್ತಾರೆ. ದೂರು ಕೊಡುವ ರಾಷ್ಟ್ರೀಯ ಪೋರ್ಟಲ್ ಇವರದೇ, ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್. 2019ರಲ್ಲಿ ಶುರುವಾಯಿತು. ಅದರೊಳಗೇ ಸೈಬರ್ ವಾಲಂಟಿಯರ್ ನೋಂದಣಿ ಇದೆ. ಮೂರು ಬಗೆಯಲ್ಲಿ ಸೇರಬಹುದು. ಕಾನೂನುಬಾಹಿರ ವಿಷಯ ಕಂಡರೆ ತಿಳಿಸುವವರು ಒಂದು ಬಗೆ. ಜನರಿಗೆ ಅರಿವು ಮೂಡಿಸುವವರು ಇನ್ನೊಂದು. ಮೂರನೆಯದು ಸೈಬರ್ ಎಕ್ಸ್‌ಪರ್ಟ್.

ನಾನು ಮಾಡಿದ ತಪ್ಪು ಮೊದಲೇ ಹೇಳಿಬಿಡುತ್ತೇನೆ. ಎರಡು ದಿನದ ಆನ್‌ಲೈನ್ ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್ ಇಟ್ಟುಕೊಂಡು ಎಕ್ಸ್‌ಪರ್ಟ್ ಅಂತ ಅರ್ಜಿ ಹಾಕಿದೆ. ಎಕ್ಸ್‌ಪರ್ಟ್ ಅಂದರೆ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಬಿಚ್ಚಿ ನೋಡುವವರು, ಫೋನ್ ಕಂಪ್ಯೂಟರ್‌ಗಳಿಂದ ಸಾಕ್ಷಿ ಹುಡುಕುವ ಫೋರೆನ್ಸಿಕ್ಸ್, ಮೆಮೊರಿ ಅನಾಲಿಸಿಸ್ ಬಲ್ಲವರು. ನನ್ನ ರೆಸ್ಯೂಮೆಯಲ್ಲಿ ಇದ್ದದ್ದು ಕಾಲೇಜ್ ಫೆಸ್ಟ್‌ನ ಕ್ವಿಜ್. ಏನೂ ಆಗಲಿಲ್ಲ, ಆಗಬಾರದಿತ್ತು ಕೂಡ. ಡಿಗ್ರಿ ಓದುತ್ತಿರುವವರಿಗೆ ಎರಡನೇ ಬಗೆಯೇ ಸರಿ, ಅರಿವು ಮೂಡಿಸುವ ಕೆಲಸ.

ನೋಂದಣಿಗೆ ನೀವು ಭಾರತದ ನಾಗರಿಕರಾಗಿರಬೇಕು. ರೆಸ್ಯೂಮೆ, ಗುರುತಿನ ಚೀಟಿ, ವಿಳಾಸದ ದಾಖಲೆ, ಪಾಸ್‌ಪೋರ್ಟ್ ಅಳತೆಯ ಫೋಟೋ ಕೇಳುತ್ತಾರೆ. ನಿಮ್ಮ ಮೊಬೈಲಿಗೆ ಓಟಿಪಿ ಬರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೋಗುತ್ತಾ ಬರುತ್ತಾ ಇರುತ್ತದೆ, ಓಟಿಪಿ ಬರುವ ಹೊತ್ತಿಗೆ ಪೇಜ್ ಹೋಗಿರುತ್ತದೆ. ಕಾಲೇಜ್ ಲ್ಯಾಬ್‌ನಲ್ಲಿ ಕೂತು ಮಾಡಿ. ದಾಖಲೆ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿಸಿ. ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ಹೊಡೆದ ಫೋಟೋ ಹಾಕಬೇಡಿ. ಏಕೆ ಸೇರುತ್ತೀರಿ ಅಂತ ಬರೆಯುವ ಕಡೆ "ದೇಶಸೇವೆ ಮಾಡಲು" ಅಂತ ಒಂದು ಸಾಲು ಬರೆದು ಬಿಡಬೇಡಿ. ಯಾವ ಊರು, ಯಾವ ಜನ, ಯಾವ ಭಾಷೆ ಬರುತ್ತದೆ, ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ, ಅಷ್ಟು ಬರೆಯಿರಿ. ಎರಡನೇ ಸಲ ನಾನು ಬರೆದದ್ದು ಅದೇ: ಎಸ್ಟೇಟಿನ ಲೈನ್ ಮನೆಗಳು (ತೋಟದ ಕೆಲಸಗಾರರ ಸಾಲುಮನೆಗಳು), ಸ್ತ್ರೀಶಕ್ತಿ ಸಂಘಗಳು, ಕನ್ನಡ ಮತ್ತು ತುಳು, ಭಾನುವಾರ.

ಅರಿವು ಮೂಡಿಸುವವರಿಗೂ ಎಕ್ಸ್‌ಪರ್ಟ್‌ಗಳಿಗೂ ಪೊಲೀಸ್ ಕಡೆಯಿಂದ ಪರಿಶೀಲನೆ ಇರುತ್ತದೆ. ವಿಷಯ ತಿಳಿಸುವವರಿಗೆ ಆ ಪರಿಶೀಲನೆ ಇಲ್ಲದಿರುವುದರಿಂದ ಸುಮಾರು ಜನ ಅದನ್ನೇ ಆರಿಸಿಕೊಳ್ಳುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಊರಿನ ವಾಟ್ಸಾಪ್ ಗ್ರೂಪಿನ ಜಗಳ, ಪಂಚಾಯಿತಿ ಎಲೆಕ್ಷನ್ ಸಿಟ್ಟು, ಎಲ್ಲವೂ ಅಲ್ಲಿಗೆ ಹೋಗಿ ಕೂತರೆ? ಮಾತಿನ ಸ್ವಾತಂತ್ರ್ಯ ಮತ್ತು ಅದರ ಮಿತಿ ಹೇಳುವ ಸಂವಿಧಾನದ 19ನೇ ವಿಧಿ ಓದಿಕೊಳ್ಳಿ ಅಂತ ನಿಯಮದಲ್ಲೇ ಹೇಳಿದ್ದಾರೆ, ಯಾರೂ ಓದಲ್ಲ. ನೀವು ಅದನ್ನೇ ಮಾಡುವುದಾದರೆ ಒಂದು ಮಾತು ನೆನಪಿಡಿ. ಮಕ್ಕಳ ಅಶ್ಲೀಲ ಚಿತ್ರ, ವಿಡಿಯೋ ಕಂಡರೆ ಲಿಂಕ್ ಮಾತ್ರ ವರದಿ ಮಾಡಿ. ಸಾಕ್ಷಿ ಅಂತ ಡೌನ್‌ಲೋಡ್ ಮಾಡುವುದು, ಗೆಳೆಯರಿಗೆ ಕಳಿಸುವುದು ಐಟಿ ಕಾಯ್ದೆಯ 67ಬಿ ಪ್ರಕಾರ ನಿಮ್ಮ ಮೇಲೆಯೇ ಕೇಸಾಗುವ ಕೆಲಸ.

ವಿಸಿಟಿಂಗ್ ಕಾರ್ಡ್ ಮಾಡಿಸಬೇಡಿ

ನಗಬೇಡಿ, ನಡೆದಿದ್ದು. ನನ್ನ ಕ್ಲಾಸ್‌ಮೇಟ್ ಒಬ್ಬ ನೋಂದಣಿಯಾದ ವಾರಕ್ಕೇ ಪ್ರೆಸ್‌ಗೆ ಹೋಗಿ ಅಶೋಕ ಸ್ತಂಭ ಹಾಕಿಸಿ, ಸೈಬರ್ ಕ್ರೈಮ್ ವಾಲಂಟಿಯರ್ ಅಂತ ನೂರು ಕಾರ್ಡ್ ಮಾಡಿಸಿದ. ಬೈಕಿನ ಮುಂದೆ ಸ್ಟಿಕರ್ ಬೇರೆ. ಸಚಿವಾಲಯದ ಹೆಸರು ಎಲ್ಲೂ ಬಳಸಬಾರದು, ನಾನು ಅವರ ಪರ ಅಂತ ಹೇಳಿಕೊಳ್ಳಬಾರದು, ಪತ್ರಿಕೆಗೆ ಹೇಳಿಕೆ ಕೊಡಬಾರದು, ದುಡ್ಡು ಮಾಡಬಾರದು, ಕೆಲಸದಲ್ಲಿ ತಿಳಿದದ್ದನ್ನು ಹೊರಗೆ ಬಿಡಬಾರದು. ಇವೆಲ್ಲ ನಿಯಮದಲ್ಲೇ ಇದೆ. ಅವನ ಅಪ್ಪ ಆ ಕಾರ್ಡುಗಳನ್ನು ಬಚ್ಚಲ ಒಲೆಗೆ ಹಾಕಿದರಂತೆ, ಒಳ್ಳೆಯದೇ ಆಯಿತು. ವಾಲಂಟಿಯರ್‌ಗೆ ಸಂಬಳವಿಲ್ಲ, ಅಧಿಕಾರವಿಲ್ಲ, ಯಾರನ್ನೂ ವಿಚಾರಿಸುವ ಹಕ್ಕಿಲ್ಲ.

ಇನ್ನೊಂದು ಗೊಂದಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೈಬರ್ ಕಮಾಂಡೋ ಯೋಜನೆ ಶುರು ಮಾಡಿತು, ಐದು ವರ್ಷದಲ್ಲಿ 5,000 ಜನರನ್ನು ತಯಾರು ಮಾಡುತ್ತೇವೆ ಅಂತ. ಅದು ಪೊಲೀಸ್ ಸಿಬ್ಬಂದಿಗೆ, ನಮಗಲ್ಲ. "ಕಮಾಂಡೋ ಟ್ರೈನಿಂಗ್ ಕೊಡ್ತೀವಿ, ಫೀಸ್ ಕಟ್ಟಿ" ಅಂತ ಯಾರಾದರೂ ಇನ್‌ಸ್ಟಾಗ್ರಾಂನಲ್ಲಿ ಬಂದರೆ ಅವರೇ ನಿಮ್ಮ ಮೊದಲ ದೂರು.

ಪೋರ್ಟಲ್ ಉತ್ತರಕ್ಕೆ ಕಾಯುತ್ತಾ ಕೂರಬೇಡಿ

ಕೆಲಸ ನಾಳೆಯೇ ಶುರು ಮಾಡಬಹುದು. ಪ್ರತಿ ತಿಂಗಳ ಮೊದಲ ಬುಧವಾರ ಶಾಲೆ ಕಾಲೇಜುಗಳಲ್ಲಿ ಸೈಬರ್ ಜಾಗರೂಕತಾ ದಿವಸ ಮಾಡಬೇಕು ಅಂತ ಗೃಹ ಸಚಿವಾಲಯ ಹೇಳಿದೆ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಲೇಜುಗಳಿಗೆ ಪತ್ರ ಬರೆದಿದೆ. ನಿಮ್ಮ ಪ್ರಿನ್ಸಿಪಾಲರ ಹತ್ತಿರ ಹೋಗಿ, "ಸರ್, ಈ ಬುಧವಾರದ್ದು ನಾನು ಮಾಡಲಾ?" ಅಂತ ಕೇಳಿ. ಮೇಷ್ಟ್ರುಗಳಿಗೆ ಇರುವ ಕೆಲಸವೇ ಸಾಕಷ್ಟಿದೆ, ಬೇಡ ಅನ್ನುವವರು ಕಮ್ಮಿ.

ಎನ್‌ಎಸ್‌ಎಸ್‌ನಲ್ಲಿ ಇದ್ದರೆ ಇನ್ನೂ ಸುಲಭ. ಎರಡು ವರ್ಷದಲ್ಲಿ 240 ಗಂಟೆ ಹೇಗೂ ಮಾಡಬೇಕಲ್ವಾ, ಕಾರ್ಯಕ್ರಮ ಅಧಿಕಾರಿಗೆ ಮೊದಲೇ ಹೇಳಿ ಇದನ್ನೂ ಅದರೊಳಗೆ ಸೇರಿಸಿಕೊಳ್ಳಿ. ಏಳು ದಿನದ ವಿಶೇಷ ಶಿಬಿರದಲ್ಲಿ ಒಂದು ಸಂಜೆ ಕೇಳಿ ಇಟ್ಟುಕೊಳ್ಳಿ. ಇಂಜಿನಿಯರಿಂಗ್‌ನವರಿಗೆ ವಿಟಿಯುನಲ್ಲಿ 100 ಆಕ್ಟಿವಿಟಿ ಪಾಯಿಂಟ್ ಬೇಕು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಇದು ಅದಕ್ಕೆ ಲೆಕ್ಕಕ್ಕೆ ಬರುತ್ತದಾ ಅಂತ ಮೆಂಟರ್ ಹತ್ತಿರ ಕೆಲಸಕ್ಕೆ ಮುಂಚೆ ಕೇಳಿ, ಆಮೇಲಲ್ಲ.

ದೂರಸಂಪರ್ಕ ಇಲಾಖೆಯವರ ಸಂಚಾರ್ ಮಿತ್ರ ಅನ್ನೋ ಯೋಜನೆ ಇರುವುದೇ ವಿದ್ಯಾರ್ಥಿಗಳಿಗೆ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದುವವರು ಕಾಲೇಜಿನ ಮೂಲಕ ಸೇರಿ, ಮೊಬೈಲ್ ಮೋಸದ ಬಗ್ಗೆ ಊರುಗಳಲ್ಲಿ ಹೇಳುವ ಕೆಲಸ. ನಿಮ್ಮ ಕಾಲೇಜು ಸೇರಿದೆಯಾ ಅಂತ ವಿಭಾಗದ ಮುಖ್ಯಸ್ಥರನ್ನು ಕೇಳಿ. ಸೇರದಿದ್ದರೂ ಅವರ ಸಂಚಾರ್ ಸಾಥಿ ಪೋರ್ಟಲ್ ಬಳಸಲು ಯಾರ ಅಪ್ಪಣೆಯೂ ಬೇಡ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ಅದರಲ್ಲಿ ತಿಳಿಯುತ್ತದೆ. ನಮ್ಮಪ್ಪ ಎಸ್ಟೇಟ್ ರೈಟರ್, ಲೆಕ್ಕದಲ್ಲಿ ಬಲು ಜೋರು. "ನನ್ನ ಹೆಸರಲ್ಲಿ ಇರೋದು ಎರಡೇ" ಅಂದಿದ್ದರು. ಮೂರು ಬಂತು. ಮೂರನೆಯದು ಯಾರದೋ. 'ಇದು ನನ್ನ ನಂಬರ್ ಅಲ್ಲ' ಅಂತ ಅಲ್ಲೇ ವರದಿ ಮಾಡಿಸಿದೆ. ಊರಿನವರಿಗೆ ಗಂಟೆಗಟ್ಟಲೆ ಭಾಷಣ ಮಾಡುವ ಬದಲು ಇದೊಂದು ತೋರಿಸಿ ನೋಡಿ, ಎಲ್ಲರೂ ಫೋನ್ ಹಿಡಿದು ಸಾಲಾಗಿ ನಿಲ್ಲುತ್ತಾರೆ.

ನಿಜವಾದ ಕೆಲಸ ಇರುವುದು ದುಡ್ಡು ಹೋದ ಮೊದಲ ಒಂದು ಗಂಟೆಯಲ್ಲಿ

ದುಡ್ಡು ಹೋದವರು ಮೊದಲು ಪೊಲೀಸರ ಹತ್ತಿರ ಹೋಗಲ್ಲ, ಬ್ಯಾಂಕಿಗೂ ಹೋಗಲ್ಲ. ಪಕ್ಕದ ಮನೆಯ ಓದಿದ ಹುಡುಗಿಯ ಹತ್ತಿರ ಬರುತ್ತಾರೆ, ರಾತ್ರಿ ಎಂಟು ಗಂಟೆಗೆ, ಬೆವರುತ್ತಾ. ಆಗ ಏನು ಮಾಡಬೇಕು ಅನ್ನೋದನ್ನು ಮೊದಲು ನೀವು ನಿಮ್ಮ ಮನೆಯವರ ಜೊತೆ ಒಂದು ಸಲ ನಟಿಸಿ ಕಲಿಯಿರಿ. ನಾನು ನಮ್ಮಮ್ಮನ ಜೊತೆ ಮಾಡಿದ್ದೆ. ಅಮ್ಮ ಅಳುವ ಪಾತ್ರವನ್ನು ಸ್ವಲ್ಪ ಜಾಸ್ತಿಯೇ ಮಾಡಿದರು.

ಅವರನ್ನು ಕೂರಿಸಿ. ನೀರು ಕೊಡಿ. "ಯಾಕೆ ಒತ್ತಿದ್ರಿ?" ಅನ್ನಬೇಡಿ. ಎಪಿಕೆ ಹಾಕಿಕೊಂಡಿದ್ದರೆ ಮೊದಲು ಆ ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿಸಿ. ಅಂಥ ಆಪ್ ಬರುವ ಎಸ್‌ಎಂಎಸ್ ಓದಿ ಓಟಿಪಿ ಕಳಿಸುತ್ತಾ ಇರುತ್ತದೆ. ಕರೆ ಬೇರೆಡೆಗೆ ತಿರುಗಿಸಿಯೂ ಇರಬಹುದು. ##002# ಡಯಲ್ ಮಾಡಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಮೇಲೆ ಇನ್ನೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕಳೆದುಕೊಂಡವರೇ ಮಾತಾಡಲಿ, ನೀವು ಪಕ್ಕದಲ್ಲಿ ಕೂತು ವಿವರ ಎತ್ತಿ ಕೊಡಿ. ಯಾವ ಬ್ಯಾಂಕು, ಅಕೌಂಟ್ ನಂಬರ್, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಪ್ರತಿ ಕಟ್‌ನ ಟ್ರಾನ್ಸಾಕ್ಷನ್ ನಂಬರ್. ಯುಪಿಐ ಆದರೆ ಅದು 12 ಅಂಕಿ. ಒಂದು ಅಂಕಿ ತಪ್ಪಿದರೂ ಹುಡುಕುವವರ ಹೊತ್ತು ಹಾಳು. ಅದಕ್ಕೇ ಕರೆಗೆ ಮುಂಚೆ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ನನ್ನ ಬ್ಯಾಗಿನಲ್ಲಿ ಇದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇದೆ. ಕೆಲಸ ಮುಗಿದ ಮೇಲೆ ಆ ಹಾಳೆ ಹರಿದು ಅವರ ಕೈಗೇ ಕೊಡುತ್ತೇನೆ, ನನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ.

ಇಷ್ಟು ಅವಸರ ಏಕೆಂದರೆ, ಕದ್ದವರು ದುಡ್ಡನ್ನು ಒಂದು ಅಕೌಂಟಿನಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾಯಿಸುತ್ತಾರೆ. 1930ಕ್ಕೆ ಬಂದ ವಿವರ ಆಯಾ ಬ್ಯಾಂಕಿಗೆ ಹೋಗಿ, ಎಲ್ಲಿ ಉಳಿದಿದೆಯೋ ಅಲ್ಲಿ ತಡೆ ಹಿಡಿಯುತ್ತಾರೆ. ಎಟಿಎಂನಿಂದ ತೆಗೆದ ಮೇಲೆ ತಡೆಯಲು ಏನೂ ಉಳಿಯಲ್ಲ. ಕರೆ ಮುಗಿದ ಮೇಲೆ ದೂರಿನ ನಂಬರ್ ಬರುತ್ತದೆ, ಅದನ್ನು ಬರೆದುಕೊಂಡು ಪೋರ್ಟಲ್‌ನಲ್ಲಿ ಪೂರ್ತಿ ದೂರು ತುಂಬಿಸಿ. ಬ್ಯಾಂಕಿಗೂ ಹೇಳಿ ಕಾರ್ಡ್, ಯುಪಿಐ ನಿಲ್ಲಿಸಿ. ಮಾರನೇ ದಿನ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ. ಜನ ಸೆನ್ ಸ್ಟೇಷನ್ ಅನ್ನುತ್ತಾರೆ. ಸೈಬರ್, ಆರ್ಥಿಕ, ಮಾದಕ ವಸ್ತು ಮೂರೂ ನೋಡುವ ಠಾಣೆ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಗಿದ್ದು, ಈಗ ನಮ್ಮ ಜಿಲ್ಲೆಗಳಲ್ಲೇ ಇದೆ.

ಒಂದು ಸಂಗತಿ ಮುಚ್ಚಿಡಬೇಡಿ: ತಡೆ ಹಿಡಿದ ದುಡ್ಡೂ ನಾಳೆಯೇ ವಾಪಸ್ ಬರಲ್ಲ, ಕೋರ್ಟ್ ಆದೇಶದವರೆಗೂ ಹೋಗಬೇಕಾಗಬಹುದು. ಕಾಯುವ ಆ ದಿನಗಳಲ್ಲೇ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಹಾಕಿ" ಅಂತ ಎರಡನೇ ಕಳ್ಳ ಫೋನ್ ಮಾಡುವುದುಂಟು. ಅದನ್ನೂ ಹೇಳಿಡಿ.

ನನ್ನದೇ ಕೆಲವು ಕಟ್ಟುಪಾಡುಗಳಿವೆ. ಫೋನ್ ಯಾವಾಗಲೂ ಅದರ ಯಜಮಾನರ ಕೈಯಲ್ಲೇ ಇರಬೇಕು. ಅವರು ಪಿನ್ ಒತ್ತುವಾಗ ನಾನು ಮುಖ ತಿರುಗಿಸಿ ಕೂರುತ್ತೇನೆ, ಅವರಿಗೆ ಕಾಣುವ ಹಾಗೆ. ಪಾಸ್‌ಬುಕ್ ಫೋಟೋ ನನ್ನ ಫೋನಿನಲ್ಲಿ ತೆಗೆಯುವುದಿಲ್ಲ. ಯಾರ ದುಡ್ಡು ಹೋಯಿತು ಅಂತ ಮನೆಯಲ್ಲೂ ಹೇಳುವುದಿಲ್ಲ. ಸಣ್ಣ ಊರು, ಮಾತು ಹರಡಿದರೆ ಮುಂದಿನವರು ಬರುವುದೇ ಇಲ್ಲ.

ಲೈನ್ ಮನೆಯಲ್ಲಿ ಮಾತಾಡುವುದು

ಪವರ್‌ಪಾಯಿಂಟ್ ಮನೆಯಲ್ಲೇ ಬಿಡಿ. ಕಾಫಿ ಕುಯ್ಲು ಶುರುವಾದ ಮೇಲೆ, ಅಂದರೆ ನವೆಂಬರ್‌ನಿಂದ ಸುಮಾರು ಮಾರ್ಚ್‌ವರೆಗೆ, ಯಾರನ್ನೂ ಕೂರಿಸಲು ಆಗಲ್ಲ. ಕೂಲಿ ಬಟವಾಡೆ ಆದ ಸಂಜೆಯೂ ಬೇಡ, ಎಲ್ಲರಿಗೂ ಸಂತೆಗೆ ಹೋಗುವ ಅವಸರ. ನನಗೆ ಹೊಂದಿದ್ದು ಸಂಘದ ಮೀಟಿಂಗ್. ಉಳಿತಾಯದ ಪುಸ್ತಕಕ್ಕೆ ಸಹಿ ಆಗುವಾಗ ಹತ್ತು ನಿಮಿಷ ಕೇಳಿಕೊಂಡರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೂ, ಅಂದರೆ ಊರಿನ ಗ್ರಂಥಾಲಯವೂ ಒಳ್ಳೆಯ ಜಾಗ, ಅಲ್ಲಿಗೆ ಹೈಸ್ಕೂಲ್ ಮಕ್ಕಳು ಬರುತ್ತಾರೆ. ಅವರು ಮನೆಗೆ ಹೋಗಿ ಅಜ್ಜಿಗೆ ಹೇಳುವಷ್ಟು ಚೆನ್ನಾಗಿ ನಾವು ಹೇಳಲಾರೆವು.

ಒಂದು ಸಲಕ್ಕೆ ಒಂದೇ ವಿಷಯ. ಲೈನ್ ಮನೆಯಲ್ಲಿ ನನ್ನ ಮೊದಲ ವಿಷಯ: ದುಡ್ಡು ಬರಬೇಕಾದರೆ ಪಿನ್ ಬೇಡ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ. ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರಿಗೆ ನನ್ನ ಹಿಂದಿ ಸಾಲಲಿಲ್ಲ, ಅವರಲ್ಲೇ ಒಬ್ಬ ಹುಡುಗನಿಗೆ ಹೇಳಿಕೊಟ್ಟು ಅವನಿಂದ ಹೇಳಿಸಿದೆ. ತೋಟದ ಸಾಹುಕಾರರು, ನಿವೃತ್ತ ಮೇಷ್ಟ್ರುಗಳ ಮುಂದೆ ವಿಷಯ ಬೇರೆ, ಡಿಜಿಟಲ್ ಅರೆಸ್ಟ್, ಅಂದರೆ ಪೊಲೀಸ್ ಅಂತ ಹೇಳಿಕೊಂಡು ವಿಡಿಯೋ ಕಾಲ್‌ನಲ್ಲೇ ಹೆದರಿಸಿ ದುಡ್ಡು ಕೀಳುವ ಮೋಸ. ವಿಡಿಯೋ ಕಾಲ್‌ನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಿದರು. ಆದರೂ ಓದಿದವರೇ ಜಾಸ್ತಿ ಹೆದರುತ್ತಾರೆ, ಮರ್ಯಾದೆಯ ಭಯ.

ಕಾಲೇಜಿನಲ್ಲಿ ಮಾತಾಡುವುದಾದರೆ ಪಾಸ್‌ವರ್ಡ್ ಬಗ್ಗೆ ಬೋರ್ ಹೊಡೆಸಬೇಡಿ. ಬಾಡಿಗೆ ಅಕೌಂಟ್ ಬಗ್ಗೆ ಹೇಳಿ. "ನಿನ್ನ ಅಕೌಂಟ್, ಸಿಮ್ ಎರಡೂ ಕೊಡು, ತಿಂಗಳಿಗೆ ಐದು ಸಾವಿರ" ಅಂತ ಹಾಸ್ಟೆಲ್ ಹುಡುಗರ ಹತ್ತಿರ ಬರುತ್ತಾರೆ. ದೊಡ್ಡಪ್ಪನ ದುಡ್ಡು ದಾಟಿಹೋದದ್ದು ಅಂಥ ಅಕೌಂಟುಗಳನ್ನೇ. ಅಕೌಂಟ್ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಅವರ ಮನೆಗೇ ಬರುತ್ತಾರೆ. ಇದನ್ನು ಹೇಳಿದ ದಿನ ಹಿಂದಿನ ಬೆಂಚು ಮೊದಲ ಸಲ ಸುಮ್ಮನಾಯಿತು.

ತಾಂತ್ರಿಕ ಕೆಲಸವೇ ಬೇಕು ಅನ್ನುವವರಿಗೆ

ಇದೆ, ಆದರೆ ನಿಧಾನ. ಸರ್ಕಾರಿ ವೆಬ್‌ಸೈಟಿನಲ್ಲಿ ದೋಷ ಕಂಡರೆ ಸರ್ಟ್ ಇನ್‌ಗೆ ತಿಳಿಸಬಹುದು. ಅದು ಸೈಬರ್ ದಾಳಿ, ದೋಷಗಳನ್ನು ನೋಡಿಕೊಳ್ಳಲು ಐಟಿ ಕಾಯ್ದೆಯ 70ಬಿ ಅಡಿ ಇರುವ ರಾಷ್ಟ್ರೀಯ ಸಂಸ್ಥೆ, 2004ರಿಂದ ಇದೆ. ವಿದ್ಯುತ್, ಬ್ಯಾಂಕಿಂಗ್‌ನಂಥ ಮುಖ್ಯ ವ್ಯವಸ್ಥೆಗಳಿಗೆ ಎನ್‌ಸಿಐಐಪಿಸಿ ಅಂತ ಬೇರೆ ಸಂಸ್ಥೆ ಇದೆ, ಅವರಿಗೂ ವರದಿ ಕೊಡುವ ದಾರಿ ಇದೆ. ದುಡ್ಡಿನ ಆಸೆ ಇಟ್ಟುಕೊಂಡು ಹೋಗಬೇಡಿ.

ನಮ್ಮ ಜೂನಿಯರ್ ಒಬ್ಬ ಒಂದು ಕಚೇರಿಯ ಸೈಟಿನಲ್ಲಿ ತನ್ನ ಅರ್ಜಿ ನೋಡುತ್ತಿದ್ದ. ವಿಳಾಸದ ಕೊನೆಯ ಅಂಕಿ ತಪ್ಪಾಗಿ ಒತ್ತಿದಾಗ ಇನ್ಯಾರದೋ ಅರ್ಜಿ, ಆಧಾರ್ ಸಮೇತ ತೆರೆಯಿತು. ಅವನಿಗೆ ಪ್ರೋಗ್ರಾಂ ಬರೆದು ಎಲ್ಲ ಇಳಿಸಿ ನೋಡುವ ಆಸೆ. "ಕೈ ತೆಗಿಯೋ ಮಾರಾಯ" ಅಂದೆ. ಅನುಮತಿಯಿಲ್ಲದೆ ಒಳಹೋಗಿ ಡೇಟಾ ತೆಗೆದರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯ ಉದ್ದೇಶ ಅಂದರೆ ಕೇಳುವವರು ಯಾರು? ಅಲ್ಲಿಗೇ ನಿಲ್ಲಿಸಿ, ಯಾವ ಪುಟ, ಏನು ಒತ್ತಿದಾಗ ಏನು ಕಂಡಿತು ಅಂತ ಮಾತ್ರ ಬರೆದು, ಕಂಡ ಹೆಸರು ನಂಬರ್ ಮಸಿ ಹಚ್ಚಿ ಕಳಿಸಿದೆವು. ಸ್ಟೇಟಸ್ ಹಾಕಲಿಲ್ಲ.

ಇಂಟರ್ನ್‌ಶಿಪ್ ಬೇಕಾದವರು ರಾಜ್ಯ ಸರ್ಕಾರದ ಸೈಸೆಕ್ ಅನ್ನು ಗಮನಿಸುತ್ತಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗಿರುವ ಸೈಬರ್ ಭದ್ರತಾ ಕೇಂದ್ರ ಅದು. ಕೇಂದ್ರದ ಐಟಿ ಸಚಿವಾಲಯದ ಡಿಜಿಟಲ್ ಇಂಡಿಯಾ ಇಂಟರ್ನ್‌ಶಿಪ್‌ಗೂ ಅರ್ಜಿ ಕರೆಯುತ್ತಾರೆ, ಅದರಲ್ಲಿ ಸ್ಟೈಪೆಂಡ್ ಇದೆ. ಅರ್ಜಿಯಲ್ಲಿ ಸರ್ಟಿಫಿಕೇಟ್ ಸಾಲು ಹಾಕುವ ಬದಲು ಇಂಥ ಊರಿನಲ್ಲಿ ಇಷ್ಟು ಸಭೆ ಮಾಡಿದೆ, ಇಷ್ಟು ಜನರ ದೂರು ತುಂಬಿಸಿದೆ ಅಂತ ಬರೆಯಿರಿ, ಹೆಸರು ಹೇಳದೆ. ಅದಕ್ಕೆ ಲೆಕ್ಕ ಇಡಿ: ತಾರೀಖು, ಜಾಗ, ಬಂದವರ ಸಂಖ್ಯೆ, ಕಾರ್ಯಕ್ರಮ ಅಧಿಕಾರಿಯ ಸಹಿ, ಸೀಲು.

ಈ ವರ್ಷದ್ದು ಶುರು ಮಾಡುವುದಾದರೆ ಸೆಪ್ಟೆಂಬರ್‌ನಲ್ಲೇ ಪ್ರಿನ್ಸಿಪಾಲರಿಗೆ ಪತ್ರ ಕೊಡಿ. ಅಕ್ಟೋಬರ್ ಸೈಬರ್ ಜಾಗೃತಿ ತಿಂಗಳು, ಕಾಲೇಜಿನವರೂ ಏನಾದರೂ ಮಾಡಲೇಬೇಕು ಅಂತಿರುತ್ತಾರೆ, ಮಳೆಯೂ ಕಮ್ಮಿಯಾಗಿರುತ್ತದೆ. ನವೆಂಬರ್‌ಗೆ ಅರೇಬಿಕಾ ಹಣ್ಣಾದರೆ ಆಮೇಲೆ ನಿಮ್ಮ ಮಾತು ಕೇಳಲು ಲೈನ್ ಮನೆಯಲ್ಲಿ ಕೋಳಿಗಳು ಮಾತ್ರ ಇರುತ್ತವೆ.